ಮೇಸ್ತ್ರಿಯ ಊಟ

ಆಗಸ್ಟ್ 19, ಮಂಗಳವಾರ. ಬೆಳಿಗ್ಗೆ

ಬಚ್ಚಲೊಲೆಗೆ ಬೆಂಕಿ ಹಾಕಿದೆ. ಇವರ ಮೈ ಒರೆಸಲು ಬಿಸಿನೀರು, ಜಿರಳೆಗಳಿಗೆ ಶಾಖ. ಒಂದೇ ಬೆಂಕಿ, ಎರಡು ಕೆಲಸ. ಒಲೆಯ ಹಿಂದಿನ ಗೋಡೆ ಬಿಸಿಯಾದರೆ ಮಾತ್ರ ಡಬ್ಬದೊಳಗಿನ ಮಂದಿ ಏಳುತ್ತಾರೆ. ಈ ಚಳಿಗೆ ಅವಕ್ಕೂ ನನ್ನ ಹಾಗೇ, ಮೈ ಬಗ್ಗುವುದಿಲ್ಲ.

ಜಿರಳೆಗಳು ಅಡಗಿ ಕೂರುವ ಮೊಟ್ಟೆ ಟ್ರೇ ಕೊಡವಿದೆ. ಹಿಕ್ಕೆ ಜರಡಿ ಹಿಡಿದೆ. ಬೂಸ, ಕ್ಯಾರೆಟ್ ಸಿಪ್ಪೆ ಹಾಕಿದೆ. ದೊಡ್ಡದೊಂದನ್ನು ಹಿಡಿದು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದೆ. ಮಾತ್ರೆ ಒಂದು ಇವರ ಮೂಳೆಗೆ, ಒಂದು ಕುಟ್ಟಿ ಮೇಸ್ತ್ರಿಯ ಮೂಳೆಗೆ. ಮೆಡಿಕಲ್ ಶಾಪಿನ ಕೆಲಸದಿಂದ ನನಗಾದ ಲಾಭ ಇಷ್ಟೇ.

ಮೇಸ್ತ್ರಿ ಎಂದರೆ ಗೋಸುಂಬೆ. ಹೆಸರಿಟ್ಟವರು ಇವರು. ಒಂದು ಕಣ್ಣು ಆ ಕಡೆ, ಇನ್ನೊಂದು ಈ ಕಡೆ... ಕೂತಲ್ಲಿಂದಲೇ ಎಲ್ಲರ ಮೇಲೂ ನಿಗಾ, ಥೇಟ್ ಎಸ್ಟೇಟಿನ ಮೇಸ್ತ್ರಿ. ಹೊರದೇಶದ ಜಾತಿ, ಪೇಪರ್ ಎಲ್ಲಾ ಇದೆ. ಅತ್ತಿಗುಂಡಿಯ ಹೋಂಸ್ಟೇಯವರು ಸಾಕಿದ್ದು. ಆ ಹೋಂಸ್ಟೇಯ ಹೆಂಚಿನ ಮಾಡಿಗೆ ಕ್ಯಾಮೆರಾ ಕೂರಿಸಲು ಹತ್ತಿಯೇ ಇವರು ಬಿದ್ದದ್ದು. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಹೋಂಸ್ಟೇಯವರು ಬಾಗಿಲು ಹಾಕಿಕೊಂಡು ಊರು ಬಿಡುವಾಗ ನೋಡಲು ಬಂದರು, ಹಣ್ಣಿನ ಬದಲು ಪಂಜರ ತಂದರು. ಜೊತೆಗೆ ಅದರ ಮೇವಿಗೆ ಜಿರಳೆ ಡಬ್ಬ. ನನಗೆ ಅವರನ್ನು ಬೈಯಬೇಕು ಅನ್ನಿಸಿತ್ತು.

ಈಗ ಬೈಯುವ ಹಾಗಿಲ್ಲ. ಇಡೀ ದಿನ ಗೋಡೆ ಕಡೆ ಮುಖ ಮಾಡಿ ಮಲಗಿರುವ ಮನುಷ್ಯ, ಮೇಸ್ತ್ರಿಯ ಊಟದ ಹೊತ್ತಿಗೆ ಮಾತ್ರ "ಈ ಕಡೆ ತಿರುಗ್ಸೆ" ಅನ್ನುತ್ತಾರೆ. ಚಿಮಟಿಗೆಯಲ್ಲಿ ಜಿರಳೆ ಹಿಡಿದು ಕೈ ಚಾಚುತ್ತಾರೆ. ಮೇಸ್ತ್ರಿಯ ಎರಡು ಕಣ್ಣೂ ಒಂದೇ ಕಡೆ ಬಂದರೆ ಆಯಿತು — ನಾಲಿಗೆ ಹೊರಬಿತ್ತೆಂದೇ ಲೆಕ್ಕ. "ನೋಡ್ದ್ಯಾ!" ಅನ್ನುತ್ತಾರೆ. ಆಗ ಅನ್ನದ ತಟ್ಟೆ ಮುಂದೆ ಹಿಡಿದರೆ ತಿನ್ನುತ್ತಾರೆ. ಬೇರೆ ಹೊತ್ತಿನಲ್ಲಿ ಎಷ್ಟು ಹೇಳಿದರೂ ಬಾಯಿ ತೆಗೆಯುವುದಿಲ್ಲ.

ಬಸ್ಸಿನ ಹೊತ್ತಾಯಿತು.

ಆಗಸ್ಟ್ 23, ಶನಿವಾರ

ಅತ್ತೆ ಇವತ್ತೂ ಪೊರಕೆ ಹಿಡಿದೇ ಬಚ್ಚಲಿಗೆ ಹೋದರು.

"ಹೊಡ್ದ್ ಹಾಕೋದ್ನ ಸಾಕ್ತೀರಿ ನೀವು. ಎಂತ ಕಾಲ ಬಂತು ಮಾರಾಯ್ತಿ! ಊರಲ್ಲಿ ಯಾರಿಗಾದ್ರೂ ಗೊತ್ತಾದ್ರೆ ನಮ್ಮನೇಲಿ ಒಂದು ಲೋಟ ಕಾಫಿ ಕುಡೀತಾರಾ?"

"ಹೊಡೀರಿ ಅತ್ತೆ. ಆಮೇಲೆ ನಿಮ್ಮ ಮಗನಿಗೆ ನೀವೇ ಊಟ ಮಾಡ್ಸಿ."

ಪೊರಕೆ ಕೆಳಗಿಟ್ಟರು. ಆದರೆ ಇಡೀ ದಿನ ನನ್ನ ಹತ್ತಿರ ಮಾತಿಲ್ಲ. ನಾನೂ ಅಷ್ಟು ಖಾರವಾಗಿ ಹೇಳಬಾರದಿತ್ತು. ಹೇಳಿದೆ, ಏನು ಮಾಡಲಿ.

ಸೆಪ್ಟೆಂಬರ್ 2

ಕರೆಂಟಿಲ್ಲ. ಸೌದೆ ಹಸಿ. ಹೊಗೆ. ಸೊಂಟ ನೋವು. ಅಂಗಡಿಯಲ್ಲಿ ಇಡೀ ದಿನ ನಿಂತೇ ಇದ್ದೆ. ಇವರ ಮಗ್ಗುಲು ಬದಲಿಸಿದೆ, ಮೇಸ್ತ್ರಿಗೆ ನೀರು ಚಿಮುಕಿಸಿದೆ, ಜಿರಳೆಗೆ ಸೌತೆಕಾಯಿ. ಎಲ್ಲರಿಗೂ ಆಯಿತು. ನನಗೆ ಊಟ ಬಡಿಸಿಕೊಳ್ಳಲು ಬೇಜಾರು. ಸಾಕಾಗಿದೆ.

ಸೆಪ್ಟೆಂಬರ್ 21, ಭಾನುವಾರ

"ರೇವತೀ, ಬಾ ಇಲ್ಲಿ! ಇದಕ್ಕೆ ಎಂತದೋ ಆಗಿದೆ ಕಣೆ."

ಬಚ್ಚಲಿಂದ ಅತ್ತೆಯ ಕೂಗು. ಓಡಿದೆ. ನೀರು ಕಾಯಿಸಲು ಹೋದವರು ಡಬ್ಬ ಇಣುಕಿದ್ದಾರೆ (ದಿನಾ ಇಣುಕುತ್ತಿದ್ದರೋ ಏನೋ). ಟ್ರೇ ಮೇಲೊಂದು ದೊಡ್ಡ ಹೆಣ್ಣು, ಅದರ ಸುತ್ತ ಅಕ್ಕಿಕಾಳಿನಷ್ಟು ಬಿಳಿ ಮರಿಗಳು.

"ಮರಿ ಅತ್ತೆ. ಈ ಜಾತಿ ಮೊಟ್ಟೆ ಇಟ್ಟು ಹೋಗಲ್ಲ. ಹೆರ್ತವೆ."

ಅತ್ತೆ ಬಗ್ಗಿ ಇನ್ನೊಂದು ಸಲ ನೋಡಿದರು. ಆಮೇಲೆ ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿದರು. "ಬಾಣಂತಿಗೆ ಬೆಚ್ಚಗಿರ್ಬೇಕು" ಎಂದರು. ನಗು ಬಂತು, ನಗಲಿಲ್ಲ. ಪೊರಕೆ ಎಲ್ಲೋ ಮೂಲೆಯಲ್ಲಿತ್ತು.

ಅಕ್ಟೋಬರ್ 6, ಸೋಮವಾರ

ನಾಳೆ ಬೆಳಕು ಹರಿಯುವಾಗ ಭೂಮಿ ಹುಣ್ಣಿಮೆಯ ಚರಗ. ಅತ್ತೆ ಪ್ರತಿ ವರ್ಷದಂತೆ ತಮ್ಮನ ಮನೆಗೆ ಹೋದರು. ಊರಾಚೆ ತಮ್ಮಯ್ಯ ಮಾವನ ಗದ್ದೆ, ಅದಕ್ಕೆ ತಾಗಿ ಸ್ವಲ್ಪ ಕಾಫಿ ತೋಟ. ಹಿತ್ತಲಿನ ಸೊಪ್ಪು, ಕುಡಿ ಎಲ್ಲ ಸೇರಿಸಿ ರಾತ್ರಿ ಬೇಯಿಸಿ, ಬಸುರಿ ಭೂಮಿಗೆ ಬಯಕೆ ಊಟ ಬಡಿಸಿ ಬರುತ್ತಾರೆ. ಕಾಲು ನೋವು ಎಂದು ನಿನ್ನೆಯೆಲ್ಲ ನರಳಿದವರು, ಇವತ್ತು ನನಗಿಂತ ಮುಂಚೆ ಬಸ್‌ಸ್ಟಾಂಡಿನಲ್ಲಿದ್ದರು.

ಅಕ್ಟೋಬರ್ 7, ಮಂಗಳವಾರ. ಸಂಜೆ

ಬೆಳಿಗ್ಗೆ ಬಂದರು. ಸೆರಗಿನ ತುಂಬ ಎಳೆ ಕುಡಿ. ಚರಗ ಮುಗಿಸಿ ಬರುವಾಗ ತೋಟದಂಚಿನಲ್ಲಿ ಚಿವುಟಿಕೊಂಡದ್ದಂತೆ.

"ಭೂಮ್ತಾಯಿಗೆ ಬಡ್ಸಿ ಬಂದೆ. ಇವೂ ಬಸ್ರೀರೆ ಅಲ್ವೇನೆ? ಇವಕ್ಕೆ ಬಯಕೆ ಇರಲ್ವಾ?"

ಡಬ್ಬದೊಳಗೆ ಮೊದಲ ಸಲ ತಾವೇ ಕೈ ಹಾಕಿದರು. ಒಂದು ಜಿರಳೆ ಬೆರಳ ಮೇಲೆ ಹತ್ತಿತು, ಕೊಡವಲಿಲ್ಲ. ನನಗೆ ಖುಷಿಯಾಯಿತು. ಖುಷಿ ಅಂತ ಬರೆದು ಬಹಳ ದಿನವಾಗಿತ್ತು.

ಸಂಜೆ ಮೇಸ್ತ್ರಿ ಗಬಕ್ಕನೆ ತಿಂದ. ಇವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಅಕ್ಟೋಬರ್ 8, ಬುಧವಾರ

ಎಲ್ಲ ಅಂಗಾತ ಬಿದ್ದಿವೆ. ಕೆಲವು ಇನ್ನೂ ಕಾಲು ಆಡಿಸುತ್ತಿವೆ. ಮರಿಗಳಲ್ಲಿ ಒಂದಕ್ಕೂ ಜೀವವಿಲ್ಲ.

ಮೇಸ್ತ್ರಿ ಪಂಜರದ ತಳದಲ್ಲಿ ಕಪ್ಪಾಗಿ ಕಣ್ಣು ಮುಚ್ಚಿ ಕೂತಿದ್ದಾನೆ.

ಅಂಗಡಿಯಿಂದ ತಮ್ಮಯ್ಯ ಮಾವನಿಗೆ ಫೋನ್ ಮಾಡಿದೆ. "ಭಾನುವಾರ ಕಾಫಿ ಗಿಡಕ್ಕೆಲ್ಲ ಕಾಂಡಕೊರಕದ ಔಷಧಿ ಹೊಡ್ಸಿದ್ದೆ ಮಗಾ. ತೋಟದ ಕಡೆ ಹೋಗ್ಬೇಡ ಅಂತ ಅಕ್ಕಂಗೆ ಹೇಳೋದು ಮರ್ತೇಹೋಯ್ತು... ಯಾಕೆ, ಏನಾಯ್ತು?" ಏನಿಲ್ಲ ಎಂದೆ. ನಾನು ಕೇಳಿದ್ದು ಅತ್ತೆಗೆ ಹೇಳಬೇಡಿ ಎಂದೆ.

ಸತ್ತವನ್ನು ಹಿತ್ತಲಿನಲ್ಲಿ ಹೂತೆ. ಡಬ್ಬದ ಮುಚ್ಚಳ ಹಾಕಿಟ್ಟೆ.

"ತಿಂದ್ವೇನೆ ಕುಡೀನ?" ಎಂದರು ಅತ್ತೆ.

"ಪೂರ್ತಿ ತಿಂದ್ವು ಅತ್ತೆ."

ಅದು ಸುಳ್ಳಲ್ಲ.

ಅಕ್ಟೋಬರ್ 10

ಪಶು ಡಾಕ್ಟರಿಗೆ ಫೋಟೋ ಕಳಿಸಿದೆ. ಹಸುವಿನ ವಿಷಯವಾದರೆ ಹೇಳಬಹುದಿತ್ತಮ್ಮ ಎಂದರು. ಬೆಚ್ಚಗಿಡಿ, ಹನಿ ಹನಿ ನೀರು ಕೊಡಿ. ಸೂಜಿ ತೆಗೆದ ಸಿರಿಂಜಿನಲ್ಲಿ ಕೊಡುತ್ತಿದ್ದೇನೆ. ಅರ್ಧ ಒಳಗೆ, ಅರ್ಧ ನನ್ನ ಕೈ ಮೇಲೆ.

ಇವರಿಗೆ ನಡೆದದ್ದು ಹೇಳಿಲ್ಲ. "ಅವನಿಗೆ ಹುಷಾರಿಲ್ಲ" ಎಂದೆ ಅಷ್ಟೇ. ಗೋಡೆ ಕಡೆ ತಿರುಗಿದರು. ಎರಡು ದಿನದಿಂದ ಹೊಟ್ಟೆಗೆ ಗಂಜಿ ಬಿಟ್ಟು ಬೇರೆ ಏನೂ ಇಲ್ಲ, ಅದೂ ನನ್ನ ಕಾಟಕ್ಕೆ.

ಅತ್ತೆಯ ಮೇಲೆ ಕೋಪ ಉಕ್ಕಿ ಬರುತ್ತದೆ. ಎದುರಿಗೆ ಬಂದು ನಿಂತರೆ ಬಾಯಿಗೆ ಬರುವುದಿಲ್ಲ. ಹೇಳಿದರೆ ಮುದುಕಿ ಇನ್ನು ಯಾವುದಕ್ಕೂ ಕೈ ಹಾಕುವುದಿಲ್ಲ. ಅದು ಗೊತ್ತು ನನಗೆ.

ಬಚ್ಚಲೊಲೆಗೆ ಎಂದಿನಂತೆ ಬೆಂಕಿ. ನೀರು ಕಾದ ಮೇಲೂ ಕೊಳ್ಳಿ ಹೊರಗೆಳೆಯಲಿಲ್ಲ. ಎಳೆದರೆ ಅತ್ತೆ ಯಾಕೆಂದು ಕೇಳುತ್ತಾರೆ.

ಅಕ್ಟೋಬರ್ 12, ಭಾನುವಾರ

ಮೇಸ್ತ್ರಿ ಕಣ್ಣು ಬಿಟ್ಟ! ಒಂದು ಕೊಂಬೆ ಮೇಲೆ ಬಂದ. ಪೂರ್ತಿ ಒಣಗಿದ್ದಾನೆ, ಪಕ್ಕೆ ಎಲ್ಲ ಕಾಣುತ್ತದೆ. ಈಗ ಹೊಟ್ಟೆಗೆ ಬೇಕು. ಜಿರಳೆ ಮಾರುವ ಬೆಂಗಳೂರಿನವನೊಬ್ಬನಿಗೆ ಕೇಳಿದರೆ, ಹೊಸವು ದೀಪಾವಳಿ ಕಳೆದ ಮೇಲೆ ಅನ್ನುತ್ತಾನೆ. ಅಲ್ಲಿಯವರೆಗೆ ಮೇಸ್ತ್ರಿ ತಡೆಯುವುದಿಲ್ಲ. ಅಂಗಡಿ ಗೋಡೌನಿನಲ್ಲಿ ಬೇಕಾದಷ್ಟು ಜಿರಳೆ, ಆದರೆ ಅಲ್ಲೂ ಸ್ಪ್ರೇ ಹೊಡೆದಿದ್ದಾರೆ. ಹೆದರಿಕೆ. ಇನ್ನೊಂದು ಸಲ ವಿಷ ತಿನ್ನಿಸಲು ನನ್ನಿಂದಾಗದು.

ಅಕ್ಟೋಬರ್ 15, ಬುಧವಾರ. ಸಂಜೆ

ತಲೆನೋವೆಂದು ಬೇಗ ಬಂದೆ. ಅಡುಗೆಮನೆಯಲ್ಲಿ ಅತ್ತೆ ಇಲ್ಲ. ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ದಡಬಡ ಸದ್ದು. ಹೋಗಿ ನೋಡಿದರೆ — ಸೀರೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಸೌದೆ ಸರಿಸುತ್ತಿದ್ದಾರೆ. ತಲೆ ತುಂಬ ಜೇಡರ ಬಲೆ. ಕೈಯಲ್ಲಿ ತೆಂಗಿನ ಚಿಪ್ಪು, ಅದರ ಮೇಲೊಂದು ಚಿಪ್ಪು ಮುಚ್ಚಿ ಹಿಡಿದಿದ್ದಾರೆ. ಒಳಗೆ ಪರಪರ.

"ಕಾಡು ಜಿರಳೆ. ಇಲ್ಲಿಗೆ ಯಾರೂ ಔಷಧಿ ಹೊಡ್ದಿಲ್ಲ, ನಾನು ಈ ಮನೆಗೆ ಬಂದಾಗ್ನಿಂದ ಹೊಡ್ದಿಲ್ಲ. ಇದು ಆಗುತ್ತಾ ನೋಡು."

ಅವರ ತಲೆಯ ಮೇಲಿನ ಜೇಡರ ಬಲೆ ತೆಗೆಯಲು ಹೋದೆ.

"ಡಬ್ಬ ಖಾಲಿ ಇರೋದು ಕಾಣ್ದಷ್ಟು ಕಣ್ಣು ಹೋಗಿಲ್ಲ ನಂಗೆ. ಕೆದಕಿ ಕೆದಕಿ ತಮ್ಮಯ್ಯನ ಬಾಯಿ ಬಿಡಿಸ್ದೆ." ನನ್ನ ಮುಖ ನೋಡಲಿಲ್ಲ, ಚಿಪ್ಪನ್ನೇ ನೋಡುತ್ತಿದ್ದರು. "ನನ್ ಕೈಯಾರೆ ಕೊಂದೆ. ನೀನು ಒಂದು ಮಾತು ಬೈಲಿಲ್ಲ. ಖಾಲಿ ಡಬ್ಬಕ್ಕೆ ದಿನಾ ಬೆಂಕಿ ಹಾಕ್ತೀಯಲ್ಲೆ ರೇವತಿ..."

ಅಳು ಬಂತು. ಅವರ ಎದುರೇ ಅತ್ತುಬಿಟ್ಟೆ. ಇವರು ಬಿದ್ದಾಗಲೂ ಹಾಗೆ ಅತ್ತಿರಲಿಲ್ಲ.

ಐದೂವರೆ

ಎಲ್ಲರೂ ಇವರ ರೂಮಿನಲ್ಲಿ. ಬಲ್ಬ್ ಹಾಕಿ ಪಂಜರದ ಬಾಗಿಲು ತೆಗೆದಿದ್ದೇವೆ. ಅತ್ತೆ ಮಗನಿಗೆ ಎಲ್ಲ ಹೇಳಿದರು, ಒಂದನ್ನೂ ಬಿಡದೆ. ಇವರು ಗೋಡೆ ಕಡೆಯೇ ನೋಡುತ್ತ ಕೇಳಿದರು. ಆಮೇಲೆ "ತಿರುಗ್ಸೆ" ಎಂದರು. ಚಿಮಟಿಗೆ ಕೈಗೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ಅಮ್ಮ, ನೀನೇ ಕೊಡು."

"ನಾನಾ? ಬೇಡ ಹರ್ಷ. ನನ್ ಕೈ ಸರಿ ಇಲ್ಲ."

"ಕೊಡಮ್ಮ."

ಅತ್ತೆಗೆ ಚಿಮಟಿಗೆ ಹಿಡಿತಕ್ಕೆ ಬರಲಿಲ್ಲ. ಜಿರಳೆಯನ್ನು ಬೆರಳಲ್ಲೇ ಹಿಡಿದಿದ್ದಾರೆ. "ಅಲ್ಲಾಡಿಸ್ಬೇಡ" ಅನ್ನುತ್ತ ಇವರು ಅಮ್ಮನ ಮೊಣಕೈ ಕೆಳಗೆ ತಮ್ಮ ಕೈ ಕೊಟ್ಟಿದ್ದಾರೆ. ನಾನು ನೆಲದ ಮೇಲೆ. ಅನ್ನ ಕಲಸಿದ ತಟ್ಟೆ ಪಕ್ಕದಲ್ಲಿದೆ. ಸುಮ್ಮನೆ ನೋಡುತ್ತ ಕೂರಲು ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೇಸ್ತ್ರಿ ಅಲ್ಲಾಡುತ್ತಿಲ್ಲ. ಒಂದು ಕಣ್ಣು ಅತ್ತೆಯ ಕೈ ಮೇಲೆ ಬಂತು. ಇನ್ನೊಂದು ಕಿಟಕಿ ಕಡೆ. ಇನ್ನೂ ಕಿಟಕಿ ಕಡೆಯೇ... ಇವರು ಉಸಿರು ಬಿಡುತ್ತಿಲ್ಲ. ಆ ಕಣ್ಣೂ ತಿರುಗುತ್ತಿದೆ, ಮೆಲ್ಲಗೆ, ಈ ಕಡೆಗೇ, ಈಗ ಎರಡೂ —