ಹನ್ನೆರಡು ನಿಮಿಷದ ದಾರಿ

ಚ್ಯಾಂಗ್ರೆ, ಭೋಜಪುರ, ನೇಪಾಳ
ಪುಸ್ ತಿಂಗಳ ೧೪, ಶನಿವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಆ ಮನೆಯ ಮೂರು ಮಹಡಿಯ ಮೆಟ್ಟಿಲನ್ನು ಈಗಲೂ ದಿನಕ್ಕೆರಡು ಸಲ ನೀನೊಬ್ಬಳೇ ಒರೆಸುತ್ತೀಯೋ, ಅಥವಾ ನಿನ್ನ ಮೇಡಂ ಮಾತು ಕೊಟ್ಟಂತೆ ಇನ್ನೊಬ್ಬಳನ್ನು ಇಟ್ಟುಕೊಂಡಳೋ? ನಮ್ಮೂರ ಫುಲ್‌ಮತಿ ರಜೆ ಮುಗಿಸಿ ನಾಳೆ ಬೆಳಿಗ್ಗೆ ಕುವೈತಿಗೆ ಹೊರಡುತ್ತಾಳೆ, ಮಂಗಳವಾರ ನಿನ್ನನ್ನು ಕಾಣುತ್ತಾಳೆ. ಈ ಪತ್ರದ ಜೊತೆ ದೊಡ್ಡಮ್ಮ ಹುಳಿ ಬರಿಸಿದ ಸೋಯಾ, ನಮ್ಮ ಕಿನೆಮಾ, ಒಂದು ಪೊಟ್ಟಣ ಕೊಟ್ಟಿದ್ದಾಳೆ. ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೇನೆ. ವಾಸನೆಗೆ ವಿಮಾನದವರು ಫುಲ್‌ಮತಿಯನ್ನು ಇಳಿಸಿಬಿಟ್ಟರೆ ನನ್ನನ್ನು ಬೈಯಬೇಡ.

ಓದಿನ ವಿಷಯ ಏನಾಯಿತೆಂದು ನೀನು ನಿನ್ನೆಯ ಫೋನಿನಲ್ಲೂ ಕೇಳಿದೆ. ನಿನ್ನದು ಯಾವಾಗಲೂ ಒಂದೇ ಮಾತು: "ಎಂ.ಎ.ನೋ ಮತ್ತೊಂದೋ, ಎಲ್ಲಾದ್ರೂ ಸೇರ್ಕೊಳ್ಳೋ, ಇಲ್ಲಿಗೆ ಮಾತ್ರ ಬರಬೇಡ." ಹತ್ತು ನಿಮಿಷದ ಫೋನಿನಲ್ಲಿ, ಮೇಡಂ ನಿನ್ನ ಪಕ್ಕದಲ್ಲಿ ನಿಂತಿರುವಾಗ, ನಾನು ಇದನ್ನೆಲ್ಲ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮುಂದೆ ಎರಡು ಅರ್ಜಿಗಳಿವೆ. ಒಂದು ಕೀರ್ತಿಪುರದ ಭಾಷಾವಿಜ್ಞಾನ, ಇನ್ನೊಂದು ಕೋಲ್ಕತ್ತಾದ ತೌಲನಿಕ ಸಾಹಿತ್ಯ. ಎರಡೂ ಕಡೆಯವರು ನಮ್ಮದೇ ಭಾಷೆಯ ಹನ್ನೆರಡು ನಿಮಿಷದ ಮಾತನ್ನು ಮುದ್ರಿಸಿ ಕಳಿಸಲು ಹೇಳಿದ್ದಾರೆ. ಮೊದಲನೆಯವರಿಗೆ ಒಂದೊಂದು ಪದವನ್ನೂ ಬಿಡಿಸಿ ಅದರ ಕೆಳಗೆ ಅರ್ಥ ಬರೆಯಬೇಕು. ಎರಡನೆಯವರಿಗೆ ಅದನ್ನು ಅನುವಾದಿಸಿ ಇನ್ನೊಂದು ಜನಾಂಗದ ಅಂಥದೇ ಹಾಡಿನ ಪಕ್ಕದಲ್ಲಿಟ್ಟು ನೋಡಬೇಕು. ಕೀರ್ತಿಪುರದವರು ನಮ್ಮ ಮಾತನ್ನು ಉಪ್ಪಿನಕಾಯಿಯಂತೆ ಜಾಡಿಯಲ್ಲಿಟ್ಟು ಉಳಿಸುತ್ತಾರೆ, ಅಲ್ಲಿಗಿಂತ ಕೋಲ್ಕತ್ತಾದಲ್ಲಿ ಅದು ಜಗತ್ತಿನ ಸಾಹಿತ್ಯದ ಪಂಕ್ತಿಯಲ್ಲಿ ಕೂರುತ್ತದೆ ಎಂದು ತಿಂಗಳುಗಟ್ಟಲೆ ವಾದಿಸಿದವನು ನಾನು. ನಮ್ಮ ಹೆಸರು ನಮ್ಮ ಭಾಷೆಯಲ್ಲೇ ಇರಲಿ ಎನ್ನುವ ಧರಾನ್ ಪೇಟೆಯ ಕರಪತ್ರಗಳನ್ನು ಓದಿ ನನ್ನ ಜಸಬಹಾದುರ್ ಎಂಬ ಹೆಸರನ್ನು ಜಸಹಾಂಗ್ ಎಂದು ಬದಲಿಸಿಕೊಂಡಾಗ ಅಜ್ಜ ಹೇಳಿದ್ದು ನಿನಗೆ ನೆನಪಿರಬೇಕು: "ಹಾಂಗ್ ಅಂತ ಹೆಸರಿಗೆ ರಾಜನ್ನೇ ಸೇರಿಸ್ಕೊಂಡ್ಯಲ್ಲ, ನಮ್ಮ ಮಾತಲ್ಲಿ ಒಂದು ಲೋಟ ನೀರು ಕೇಳೋ ನೋಡೋಣ." ನಾನು ನೀರು ಕೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ಏನು ಕೇಳಿಬಿಟ್ಟಿದ್ದೆನೋ ಇವತ್ತಿಗೂ ಗೊತ್ತಿಲ್ಲ.

ಹೋದ ಭಾನುವಾರ, ಸತ್ತವರನ್ನು ಹಿರಿಯರ ಊರಿಗೆ ಮುಟ್ಟಿಸುವ ಆ ದಾರಿಯನ್ನು ಹೇಳಿ, ಫೋನಿನಲ್ಲಿ ಮುದ್ರಿಸಿಕೊಳ್ಳುತ್ತೇನೆ ಎಂದು ಅಜ್ಜನನ್ನು ಕಾಡಿದೆ. "ಹೆಣ ಇಲ್ದೆ ಯಾರನ್ನ ಕರ್ಕೊಂಡು ಹೋಗ್ಲೋ?" ಎಂದರು. ಮೂರು ಸಲ ಕೇಳಿದ ಮೇಲೆ ಕಂಚಿನ ತಟ್ಟೆ ಇಳಿಸಿಕೊಂಡು, "ನಿಮ್ಮಜ್ಜೀನೇ ಇನ್ನೊಂದ್ಸಲ ಬರ್ತಾಳೆ ಬಿಡು, ಅವಳಿಗೆ ತಿರುಗಾಟ ಅಂದ್ರೆ ಇಷ್ಟ" ಎಂದು ಒಲೆಗೆ ಬೆನ್ನು ಕೊಟ್ಟು ಕುಳಿತರು. ನಮ್ಮ ಮನೆಯ ಹೊಸ್ತಿಲಿನಿಂದ ಶುರುವಾಯಿತು. ಕೆಳಗಿನ ಏಲಕ್ಕಿ ತೋಟ, ಹಳೆಯ ನೀರಿನ ಒರತೆ, ಒಂದೊಂದು ಊರು, ಒಂದೊಂದು ಕಲ್ಲು. ಎರಡು ನದಿ ಕೂಡುವಲ್ಲಿ ತಟ್ಟೆ ಬಾರಿಸಿ ಅಜ್ಜಿಗೆ ನೀರು ದಾಟಲು ಹೇಳಿದರು. ಅಷ್ಟರಲ್ಲಿ ಹನ್ನೆರಡು ನಿಮಿಷ ಆಗಿತ್ತು. ನಾನು ಫೋನು ಎತ್ತಿ, "ಸಾಕು ಅಜ್ಜ, ಇಷ್ಟೇ ಬೇಕಾಗಿದ್ದು" ಎಂದೆ.

ಅಮ್ಮಾ, ಅವರು ಬೈಯಲಿಲ್ಲ. "ನಿಲ್ಸೋಕೆ ಇದೇನು ಬಸ್ಸೇನೋ" ಎಂದು ಮೆಲ್ಲಗೆ ಹೇಳಿ, ಮುಂದುವರಿಸಲು ಬಾಯಿ ತೆರೆದರು. ಆದರೆ ಎಲ್ಲಿಯವರೆಗೆ ಬಂದಿದ್ದರು ಎಂಬುದೇ ಅವರಿಗೆ ತಪ್ಪಿಹೋಗಿತ್ತು. ನಾಳೆ ಮುಗಿಸಿದರಾಯಿತು ಎಂದೆ ನಾನು. ಸೋಮವಾರ ಅವರು ಏಳಲಿಲ್ಲ. ಕಣ್ಣು ತೆರೆದಿದೆ, ಗಂಜಿ ಇಳಿಯುತ್ತದೆ, ಮಾತಿಲ್ಲ. ಆರೋಗ್ಯ ಕೇಂದ್ರದವನು ಮಿದುಳಿನಲ್ಲಿ ರಕ್ತ ಕಟ್ಟಿದೆ, ಧರಾನಿನ ಆಸ್ಪತ್ರೆಗೆ ಒಯ್ಯಿರಿ, ಆದರೆ ಈ ಕುಲುಕುವ ರಸ್ತೆಯಲ್ಲಿ ಒಯ್ಯಬೇಡಿ ಎಂದ. ಊರಿನವರ ಲೆಕ್ಕ ಬೇರೆ. ದಾರಿ ಹೇಳುವವನು ಸತ್ತವರ ಜೊತೆ ತಾನೂ ಹೋಗುತ್ತಾನೆ, ಅವರನ್ನು ಮುಟ್ಟಿಸಿದ ಮೇಲೆ ಬೇರೊಂದು ದಾರಿಯ ಹೆಸರುಗಳನ್ನು ಹೇಳುತ್ತ ಮನೆಗೆ ಮರಳಬೇಕು. ದೊಡ್ಡಮ್ಮ ನನ್ನ ಮುಖ ನೋಡದೆ ಅಂದಳು: "ನಿನ್ನ ಕಾಲೇಜಿಗೋಸ್ಕರ ನಮ್ಮಪ್ಪನ್ನ ನೀರಲ್ಲಿ ನಿಲ್ಸಿ ಬಂದ್ಯಲ್ಲೋ ರಾಜಾ."

ನಾನು ಇದನ್ನು ನಂಬುವುದಿಲ್ಲ. ಮೂಢನಂಬಿಕೆಯ ವಿರುದ್ಧ ನಾನೇ ಎರಡು ಕರಪತ್ರ ಬರೆದಿದ್ದೇನೆ. ಆದರೂ ಬುಧವಾರ ಅವರ ಪಕ್ಕ ಕುಳಿತು, ಧ್ವನಿಮುದ್ರಣ ಕೇಳುತ್ತ, ಆ ಹೆಸರುಗಳನ್ನೇ ಕೊನೆಯಿಂದ ಮೊದಲಿಗೆ ಹೇಳಿದೆ. ಹೋದ ದಾರಿಯಲ್ಲಿ ಬರುವಂತಿಲ್ಲ ಎಂದು ಗೊತ್ತಿದ್ದೂ ಹೇಳಿದೆ. ಅವರ ಕಣ್ಣು ಜಂತಿಯಿಂದ ಕದಲಲಿಲ್ಲ. ಪ್ರತಿ ಮನೆತನಕ್ಕೂ ಅದರದೇ ದಾರಿ, ಕಣಿವೆಯಾಚೆ ದಾರಿ ಹೇಳುವ ಇನ್ನೊಬ್ಬ ಮುದುಕನಿದ್ದರೂ ಅವನಿಗೆ ನಮ್ಮದು ಬಾರದು. ಮುದ್ರಿಸಿದ್ದರಲ್ಲಿ ನನಗೆ ಅರ್ಥವಾಗುವುದು ನಾಲ್ಕರಲ್ಲಿ ಒಂದು ಪದ. ಕೀರ್ತಿಪುರದ ಅರ್ಜಿಯಲ್ಲಿ ಪದಗಳ ಕೆಳಗಿನ ಸಾಲುಗಳು ಖಾಲಿ ಇವೆ, ಕೋಲ್ಕತ್ತಾದ ಅರ್ಜಿಯಲ್ಲಿ ಇಡೀ ಪುಟವೇ ಖಾಲಿ. ಹಾಗೇ ಕಳಿಸು, ಇಂಥ ಧ್ವನಿ ಕೇಳಿದರೆ ಎರಡೂ ಕಡೆ ಸೀಟು ಖಾತ್ರಿ ಎಂದರು ನಮ್ಮ ಕಾಲೇಜಿನ ಸರ್. ತಿಂಗಳ ಕೊನೆಯ ದಿನದವರೆಗೆ ಸಮಯವಿದೆ. ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಯೇ ಈಗ ನನಗೆ ನಾಚಿಕೆ ತರುತ್ತದೆ.

ನಿನ್ನೆ ಫೋನಿನಲ್ಲಿ ಅಜ್ಜ ಮಲಗಿದ್ದಾರೆ ಎಂದೆನಲ್ಲ, ನಿಜ ಸಂಗತಿ ಇದು. ಕ್ಷಮಿಸು. ದೊಡ್ಡಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ಹಂದಿ ಆರು ಮರಿ ಹಾಕಿದೆ. ನೀನು ಹುಷಾರಾಗಿರು, ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ
ಜಸೆ

ಮರೆತಿದ್ದೆ: ಬೆಳಗಾಗಿದೆ, ಫುಲ್‌ಮತಿ ಅಂಗಳದಲ್ಲಿ ನಿಂತಿದ್ದಾಳೆ, ಜೀಪು ಹಾರ್ನ್ ಹೊಡೆಯುತ್ತಿದೆ. ಚಿಕ್ಕಂದಿನಲ್ಲಿ ಸಾವಿನ ಮನೆಗಳಿಗೆ ಅಜ್ಜನ ತಟ್ಟೆ ಹೊತ್ತುಕೊಂಡು ಹೋಗುತ್ತಿದ್ದವಳು ನೀನು. ಮರಳಿ ಬರುವ ದಾರಿಯನ್ನು ಎಷ್ಟು ಸಲ ಕೇಳಿದ್ದೀಯೋ. ಶಾಲೆಯಲ್ಲಿ ಏಟು ತಿನ್ನಬಾರದೆಂದು ನನಗೆ ನೇಪಾಳಿ ಮಾತ್ರ ಕಲಿಸಿದೆ, ನಮ್ಮ ಭಾಷೆಯನ್ನು ಕೊಂದವಳು ನೀನು ಎಂದು ಹೋದ ದಸಂಯ್ ಹಬ್ಬಕ್ಕೆ ಫೋನಿನಲ್ಲಿ ಕೂಗಾಡಿದೆ. ಅದನ್ನು ಮನಸ್ಸಿನಿಂದ ತೆಗೆದುಹಾಕು. ಮೂವತ್ತು ವರ್ಷವಾಯಿತು, ನಿನಗೆ ನೆನಪಿರಲಾರದು, ಗೊತ್ತು. ಆದರೂ ಮಂಗಳವಾರದಿಂದ ಮೆಟ್ಟಿಲು ಒರೆಸುವಾಗ, ಒಂದೊಂದು ಮೆಟ್ಟಿಲಿಗೆ ಆ ದಾರಿಯ ಒಂದೊಂದು ಊರು ನೆನೆಸಿಕೊಂಡು ನೋಡು. ಶುಕ್ರವಾರ ಫೋನ್ ಮಾಡಿದಾಗ ನನ್ನನ್ನು ಏನೂ ಕೇಳಬೇಡ. ಫೋನನ್ನು ಅಜ್ಜನ ಕಿವಿಗೆ ಇಟ್ಟು ನಾನು ಹೊರಗೆ ಹೋಗುತ್ತೇನೆ, ನೆನಪಾದಷ್ಟನ್ನು ಅವರಿಗೇ ಹೇಳು. ಮುದ್ರಿಸಿಕೊಳ್ಳುವುದಿಲ್ಲ.