ಬಾಗಿಲು ಹಾಕದ ಚಿಕ್ಕಮ್ಮ

ಚಿಕ್ಕಮ್ಮಾ,

ನಿನ್ನೆ ಚಿತ್ರೀಕರಿಸಿದ ದೃಶ್ಯದಲ್ಲಿ ಹಸಿದು ಬಂದ ಅಪರಿಚಿತನ ಮುಖಕ್ಕೆ ನೀವು ಬಾಗಿಲು ಹಾಕಬೇಕಿತ್ತು. ಪ್ರತಿ ಸಲವೂ ಆ ಪಾತ್ರ ಮಾಡಿದ ನನ್ನ ಗೆಳೆಯ ಜವಾದನನ್ನು ನೋಡಿ, “ಒಳಗೆ ಬಾರಪ್ಪ, ಅಲ್ಲೇ ನಿಂತ್ರೆ ಹರೀರಾ ಸಾರು ಆರಿಹೋಗುತ್ತೆ!” ಅಂದುಬಿಟ್ಟಿರಿ. ನಾನು ತಲೆ ಚಚ್ಚಿಕೊಂಡೆ. ಬೆಳಿಗ್ಗೆ ಆ ದೃಶ್ಯವನ್ನು ಮತ್ತೆ ನೋಡಿದರೆ, ನಾನು ಬರೆದದ್ದೆಲ್ಲ ಸುಳ್ಳು, ನಿಮ್ಮ ತಪ್ಪೊಂದೇ ನಿಜ! ಕಥೆಯನ್ನೇ ಬದಲಾಯಿಸಿದ್ದೇನೆ: ಈಗ ನೀವು ಬಾಗಿಲು ಹಾಕುವುದಿಲ್ಲ, ಅವನನ್ನು ಒಳಗೆ ಕರೆದು ಉಣಬಡಿಸುತ್ತೀರಿ.

ಸಂಜೆಯೊಳಗೆ ಕಿರುಚಿತ್ರ ಸ್ಪರ್ಧೆಗೆ ಹೋಗಬೇಕು. ಅವನು ಉಣ್ಣುವ ದೃಶ್ಯವೊಂದೇ ಬಾಕಿ. ಜವಾದನನ್ನು ಕರೆತರಲು ಹೊರಟೆ. ಕ್ಯಾಮೆರಾ ಬ್ಯಾಟರಿ ಚಾರ್ಜಿಗಿದೆ, ಕೀಳಬೇಡಿ. ನಿನ್ನೆಯ ನೀಲಿ ಕಫ್ತಾನ್ ನಿಲುವಂಗಿಯನ್ನೇ ತೊಟ್ಟುಕೊಳ್ಳಿ, ದಯವಿಟ್ಟು ಒಗೆಯಬೇಡಿ. ಹರೀರಾ ಕುದಿಯುತ್ತಿರಲಿ, ಹಬೆ ಕಾಣಬೇಕು. ಕ್ಯಾಮೆರಾ ಹಿಂದಿರುವ ನನ್ನನ್ನು ಮಾತ್ರ ಊಟಕ್ಕೆ ಕರೆಯಬೇಡಿ.

ನೀವು ಕರೆದೇ ಕರೆಯುತ್ತೀರಿ. ಮೂರು ಬಟ್ಟಲು ಇಡಿ.

ಹಸ್ನಾ