ನಿನ್ನ ನಂಬರಿನ ಟಿವಿ

ರಾಧಾಮಣಿ,

ಈ ಕಾಗದ ಕಳಿಸುವುದಿಲ್ಲ, ಹಾಗಾಗಿ ಆರಾಮಾಗಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಟಿವಿ ನಿಂತುಹೋಯಿತು. ಡಿಶ್ ರಿಪೇರಿಯ ಮಲ್ಲೇಶ್ ಮಧುಗಿರಿಯಿಂದ ಐ.ಡಿ.ಹಳ್ಳಿಯವರೆಗೂ ಬಂದ. ಮಾಳಿಗೆ ಹತ್ತಿ ಡಿಶ್ ತಿರುಗಿಸಿದ, ವೈರು ಬದಲಿಸಿದ. ಸಿಗ್ನಲ್ ಪೂರ್ತಿ ಇತ್ತು, ಚಾನೆಲ್ ಮಾತ್ರ ಒಂದೂ ಬರಲಿಲ್ಲ.

"ರಿಜಿಸ್ಟರ್ ಆಗಿರೋ ನಂಬರಿಂದ ಒಂದು ಮಿಸ್ಡ್ ಕಾಲ್ ಕೊಟ್ರೆ ಎಲ್ಲಾ ಬತ್ತವೆ ಸಾರ್" ಎಂದ.

ಆ ನಂಬರ್ ನಿನ್ನದು. ನನ್ನ ಜೊತೆ ಆಗುವುದಿಲ್ಲ ಎಂದು ನೀನು ತೋವಿನಕೆರೆಯ ತವರಿಗೆ ಹೋಗಿ ಎರಡು ವರ್ಷವಾದರೂ ಅದು ಹಾಗೇ ಇದೆ.

ಟಿವಿ ಇಲ್ಲದಿದ್ದರೆ ಸಾಯುತ್ತೇವಾ ಎಂದು ನಾನು ರೇಗುತ್ತಿರುವಾಗಲೇ ಅವ್ವ ಫೋನ್ ಹಿಡಿದು ಹಿತ್ತಲಿಗೆ ಹೋದಳು. ಐದು ನಿಮಿಷಕ್ಕೆಲ್ಲ ಚಾನೆಲ್‌ಗಳು ಬಂದವು.

"ಏನಂದ್ಲು?" ಎಂದು ಅವ್ವನನ್ನು ಕೇಳಿದೆ.

"ಬಾಕ್ಸು ಆನ್ ಮಾಡಿಟ್ಟಿರಿ ಅಂದ್ಲು. ನನ್ನ ಮಂಡಿನೋವು ಹೆಂಗೈತೆ ಅಂದ್ಲು. ನಿನ್ನ ಇಚಾರ ಏನೂ ಕೇಳ್ಲಿಲ್ಲ ಕಣ್ಲಾ."

ಹೊರಡುವಾಗ ಮಲ್ಲೇಶ್, "ಆ ನಂಬರ್ ತೆಗೆದು ನಿಮ್ದು ಹಾಕ್ಬುಡ್ಲಾ ಸಾರ್? ಎರಡೇ ನಿಮಿಷ. ಅದು ಯಾರ್ದು?" ಎಂದ.

"ಇರ್ಲಿ ಬುಡು" ಎಂದೆ. "ನಮ್ಮ ಮನೆಯವರ್ದು."